ಮಾದರಿ ರೋಗಿ

ಮಾರ್ಚ್ 4, ಸೋಮವಾರ

ಖಾಲಿ ಸ್ಕ್ರೀನ್ ನೋಡಿ ನೋಡಿ ಸಾಕಾಗಿದೆ. ನಾಲ್ಕು ಜನ ಸೇರಿ ಇಷ್ಟು ದಿನ ಕಟ್ಟಿದ ಅಪ್ಲಿಕೇಶನ್ ತೆರೆದರೆ ಕಾಣುವುದು ಒಂದೇ ವಾಕ್ಯ: ‘ಇಲ್ಲಿ ಇನ್ನೂ ಯಾರೂ ಇಲ್ಲ.’ ಅದನ್ನು ಬರೆದವಳೂ ನಾನೇ, ಈಗ ಅದನ್ನು ಕಂಡರೆ ಮೈ ಉರಿಯುವುದೂ ನನಗೇ.

ಕೆಲಸವೇನೋ ಸರಳ. ಮಾತು ಕಳೆದುಕೊಂಡವರಿಗೆ ಅಭ್ಯಾಸ ಮಾಡಿಸುವ ಕ್ಲಿನಿಕ್ಕುಗಳಿಗೆ ಒಂದು ವೆಬ್ ಅಪ್ಲಿಕೇಶನ್. ರೋಗಿ ಆಗಾಗ ಬಂದು ಒಂದೇ ಪಾಠವನ್ನು ಓದುತ್ತಾನೆ. ಅದರ ರೆಕಾರ್ಡಿಂಗನ್ನು ಕ್ಲಿನಿಕ್ಕಿನವರು ಅಪ್‌ಲೋಡ್ ಮಾಡುತ್ತಾರೆ. ಮಾತು ಎಷ್ಟು, ಮಾತಿನ ನಡುವಿನ ಮೌನ ಎಷ್ಟು ಎಂದು ನಮ್ಮ ಪ್ರೋಗ್ರಾಂ ಅಳೆದು ಒಂದು ಗೆರೆ ಎಳೆಯುತ್ತದೆ. ಗೆರೆ ಏರಿದರೆ ಮಾತು ಸುಧಾರಿಸುತ್ತಿದೆ, ಇಳಿದರೆ ಇಲ್ಲ. ಆದರೆ ಗೆರೆ ಬರಬೇಕಾದರೆ ಧ್ವನಿಯ ಫೈಲುಗಳು ಬೇಕಲ್ಲ. ಕೆಲಸ ಪೂರ್ತಿಯಾಗುವ ತನಕ ನಿಜವಾದ ರೋಗಿಗಳ ಧ್ವನಿ ಮುಟ್ಟುವ ಹಾಗಿಲ್ಲ ಎಂದು ಕ್ಲಿನಿಕ್ಕಿನವರು ಮೊದಲೇ ಹೇಳಿಬಿಟ್ಟಿದ್ದಾರೆ. ಆದ್ದರಿಂದ ಮಾದರಿ ಫೈಲುಗಳನ್ನು ಹುಡುಕಿ ತುಂಬುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

“ಡೆಮೊ ಹತ್ತಿರ ಬಂತು ಮೇಡಂ, ಸ್ಕ್ರೀನ್ ತುಂಬಿರಬೇಕು” ಎಂದು ಗಡುವಪ್ಪ ಬೆಳಿಗ್ಗೆಯಿಂದ ಬೆನ್ನು ಬಿದ್ದಿದ್ದಾರೆ. ಅವರು ನಮ್ಮ ಮುಖ್ಯಸ್ಥರು. ಬಾಯಿ ತೆಗೆದರೆ ಗಡುವು, ಗಡುವು. ಹೆಸರು ಹಾಗೆ ಬಿತ್ತು.

ಮನೆಗೆ ಬಂದರೆ ಅಕ್ಕ ಊಟದ ಮೇಜಿನಲ್ಲಿ “ಅಮ್ಮಾ, ಆ... ಆ...” ಎನ್ನುತ್ತಿದ್ದಳು. “ಉಪ್ಪು” ಎಂದು ನಾನೇ ಮುಗಿಸಿ ಡಬ್ಬಿ ತಳ್ಳಿದೆ. ಕಾಯುವ ಸ್ವಭಾವ ನನ್ನದಲ್ಲ. ಅಕ್ಕ ಚಿಕ್ಕಂದಿನಿಂದ ನನ್ನನ್ನು ಕರೆಯುವುದೇ ಗಡಿಬಿಡಿ ಎಂದು.

ಮಾರ್ಚ್ 7, ಗುರುವಾರ

ನನ್ನ ಧ್ವನಿಯಲ್ಲೇ ಪಾಠ ಓದಿ ತುಂಬಿದೆ. ಗೆರೆ ಹಲಗೆಯ ಹಾಗೆ ನೆಟ್ಟಗೆ ಬಂತು. ಬೇಕೆಂದೇ ತೊದಲಿ ಓದಿದೆ. ನಾಟಕದ ತೊದಲು ಪ್ರೋಗ್ರಾಮಿಗೂ ಗೊತ್ತಾಗುತ್ತದೋ ಏನೋ, ಗೆರೆ ಹುಚ್ಚುಹುಚ್ಚಾಗಿ ಕುಣಿಯಿತು. ಗಡುವಪ್ಪನವರೂ ಓದಿಕೊಟ್ಟರು. ಅವರು ಉಸಿರು ತೆಗೆದುಕೊಳ್ಳದೆ ಓದಿದ್ದಕ್ಕೆ ಪ್ರೋಗ್ರಾಂ ಅರ್ಧದಲ್ಲೇ ಕೈಚೆಲ್ಲಿತು. ಕೆಲಸ ಕೆಟ್ಟರೂ ನಗು ಬಂತು.

ಬಸ್ಸಿನಲ್ಲಿ ಬರುವಾಗ ತಲೆಗೆ ಹೊಳೆಯಿತು. ಬೇಕಾಗಿರುವುದು ನಿಜವಾಗಿ ತಡವರಿಸುವ ಒಬ್ಬರು. ಮನೆಯಲ್ಲೇ ಇದ್ದಾಳಲ್ಲ.

ಅಕ್ಕ ದೊಡ್ಡ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಯಾವ ಬಸ್ಸು ಯಾವ ಕಡೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುತ್ತಾ ಹೇಳುತ್ತಾ ಅರ್ಧ ಊರಿಗೆ ಅವಳ ದನಿ ಪರಿಚಯ. ಚಳಿಗಾಲದ ಕೊನೆಗೆ ಮಾತು ತಡೆಯತೊಡಗಿತು. ಶಬ್ದ ನಾಲಿಗೆಯ ತುದಿಯವರೆಗೆ ಬಂದು ನಿಂತುಬಿಡುತ್ತದಂತೆ. ಈಗ ರಜೆಯಲ್ಲಿದ್ದಾಳೆ. ಡಾಕ್ಟರು ಅಂದು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು: “ಮೇ ತಿಂಗಳ ತನಕ ನೋಡೋಣ. ಮಾತು ವಾಪಸ್ ಬರ್ತಾ ಇದ್ರೆ ಮೆದುಳಿನ ಸಣ್ಣ ರಕ್ತನಾಳದ ತೊಂದರೆ ಅಂತ ಅರ್ಥ, ಸರಿಹೋಗುತ್ತೆ. ಕಮ್ಮಿ ಆಗ್ತಾ ಹೋದ್ರೆ ಅದು ಬೇರೆ ಕಾಯಿಲೆ. ಅದಕ್ಕೆ ನಮ್ಮ ಹತ್ರ ಔಷಧಿ ಇಲ್ಲ.” ಅಮ್ಮನ ಕಿವಿಗೆ ಬಿದ್ದದ್ದು ‘ಸರಿಹೋಗುತ್ತೆ’ ಎನ್ನುವ ತನಕ ಮಾತ್ರ.

“ಅಕ್ಕಾ, ನಿನ್ನ ದನಿ ಬೇಕಾಗಿತ್ತು ಕಣೇ, ಆಫೀಸಿಗೆ” ಎಂದೆ. ಅವಳು ನಕ್ಕಳು. “ಇರೋದು ಸ್ವಲ್ಪ. ಅದೂ... ನಿಂಗೇ ಬೇಕಾ? ತಗೋ.”

ಮಾರ್ಚ್ 15, ಶುಕ್ರವಾರ

ಸ್ಕ್ರೀನ್ ಈಗ ಖಾಲಿಯಿಲ್ಲ. ‘ಮಾದರಿ ರೋಗಿ’ ಎಂಬ ಹೆಸರಿನ ಎದುರು ಅಕ್ಕನ ಫೈಲುಗಳು ಸಾಲಾಗಿ ಕೂತಿವೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಅದನ್ನು ಓಡಿಸಿದರೆ ಹಳೆಯದನ್ನೆಲ್ಲ ಗುಡಿಸಿ ಹಾಕಿ ಮಾದರಿಗಳನ್ನು ಮೊದಲಿನಿಂದ ತುಂಬುತ್ತದೆ. ಮೂಲ ರೆಕಾರ್ಡಿಂಗುಗಳು ಬೇರೆ ಫೋಲ್ಡರಿನಲ್ಲಿ ಭದ್ರವಾಗಿವೆ. ಗಡುವಪ್ಪ “ಭೇಷ್” ಎಂದರು. ಅವರ ಬಾಯಲ್ಲಿ ಆ ಶಬ್ದ ಬಂದದ್ದು ಇದೇ ಮೊದಲು.

ಪ್ರತಿ ಸಂಜೆ ಕಾಫಿ ಆದಮೇಲೆ ಅಕ್ಕ ಕಿಟಕಿಯ ಪಕ್ಕ ಕೂತು ಫೋನಿಗೆ ಓದುತ್ತಾಳೆ. ಕ್ಲಿನಿಕ್ಕಿನವರು ಕೊಟ್ಟ ಪಾಠ ಸಪ್ಪೆಯೋ ಸಪ್ಪೆ. ತೋಟದವನೊಬ್ಬ ಬೆಳಿಗ್ಗೆ ಎದ್ದು ಬಾಗಿಲು ತೆರೆಯುತ್ತಾನೆ, ಮೆಟ್ಟಿಲ ಮೇಲೆ ಬೆಕ್ಕು ಕೂತಿದೆ, ಅವನು ಗಿಡಗಳಿಗೆ ನೀರು ಹಾಕುತ್ತಾನೆ, ಅಷ್ಟೇ. “ಆ ಬೆಕ್ಕು ಇನ್ನೂ... ಅಲ್ಲೇ ಕೂತಿದ್ಯಾ? ಯಾರಾದ್ರೂ ಓಡಿಸ್ರಪ್ಪಾ” ಎಂದಳು ಅಕ್ಕ. ಅಮ್ಮ ಒಳಗಿನಿಂದ ಬಿದ್ದು ಬಿದ್ದು ನಕ್ಕರು.

ಅವಳು ಶುರು ಮಾಡುವ ಮೊದಲು ಬಹಳ ಹೊತ್ತು ಸುಮ್ಮನಿರುತ್ತಾಳೆ. ಆ ಖಾಲಿ ಭಾಗವನ್ನು ಕತ್ತರಿಸಿ ತೆಗೆದೆ. ಫೈಲು ಸುಮ್ಮನೆ ಯಾಕೆ ಭಾರವಾಗಬೇಕು.

ಮಾರ್ಚ್ 24, ಭಾನುವಾರ

ಇವತ್ತು ‘ಮೆಟ್ಟಿಲು’ ಬರಲೇ ಇಲ್ಲ. ಮೂರು ಸಲ ಓದಿಸಿದೆ. ಮೂರನೆಯದು ಪರವಾಗಿಲ್ಲ ಎನ್ನುವಂತಿತ್ತು, ಅದನ್ನೇ ಮಾದರಿಗೆ ಆರಿಸಿಕೊಂಡೆ. ನಡುವೆ ನಿಂತ ಕಡೆಗಳನ್ನು ಸ್ವಲ್ಪ ಬಿಗಿ ಮಾಡಿದೆ. ಯಾರಾದರೂ ಮಾಡುವುದೇ. ರೆಕಾರ್ಡಿಂಗ್ ಎಂದಮೇಲೆ ಸ್ವಚ್ಛವಾಗಿರಬೇಕು. ಹೊರಗೆ ಗಾಡಿಗಳ ಸದ್ದು, ಪಕ್ಕದ ಮನೆಯ ಬಾಗಿಲ ಸದ್ದು, ಅದರಿಂದಲೂ ಗಮನ ತಪ್ಪುತ್ತದೆ ಅವಳಿಗೆ. ನಿದ್ರೆಯೂ ಸರಿಯಾಗಿಲ್ಲ. ಸೆಖೆ ಬೇರೆ.

ಅಕ್ಕ ಕೇಳಿಸು ಎಂದು ಸನ್ನೆ ಮಾಡಿದಳು. ಬಿಗಿ ಮಾಡಿದ್ದನ್ನೇ ಕೇಳಿಸಿದೆ. ಅವಳು ಫೋನನ್ನೂ ನನ್ನನ್ನೂ ನೋಡಿ, “ಇದು... ಯಾರು?” ಎಂದಳು. ತಮಾಷೆ ಎಂದುಕೊಂಡು ನಕ್ಕುಬಿಟ್ಟೆ.

ಏಪ್ರಿಲ್ 2, ಮಂಗಳವಾರ

ತಲೆನೋವು. ಬರೆಯುವಂಥದ್ದು ಏನೂ ಇಲ್ಲ. ಅಕ್ಕ ಎರಡು ಸಾಲು ಓದಿ ಹಾಳೆ ಮಡಚಿಟ್ಟಳು. “ಸಾಕು ಬಿಡು, ನಾಳೆ ನೋಡೋಣ” ಎಂದೆ. “ಸುಸ್ತಾಗಿದ್ದಾಳೆ ಕಣೇ, ಅವಳನ್ನ ಯಾಕೆ ಗೋಳು ಹುಯ್ಕೋತೀಯ” ಎಂದು ಅಮ್ಮ ನನ್ನ ಮೇಲೆಯೇ ಹರಿಹಾಯ್ದರು.

ಏಪ್ರಿಲ್ 9, ಮಂಗಳವಾರ

ಹುಳುಕಮ್ಮನ ಕಣ್ಣಿಗೆ ಬಿದ್ದೇಬಿಟ್ಟಿತು. ಆಫೀಸಿನಲ್ಲಿ ನಾವು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ, ಅದಕ್ಕೆ ಆ ಹೆಸರು. ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೇಳಿ ನನ್ನ ಮೇಜಿಗೆ ಬಂದಳು.

“ಏನೇ ಇದು, ನಿನ್ನ ಮಾದರಿ ರೋಗಿ ಉಸಿರೇ ಆಡಲ್ವಲ್ಲ. ಯಾರೋ ಮೌನ ಎಲ್ಲ ಕತ್ತರಿಸಿ ಅಂಟಿಸಿದ್ದಾರೆ.”

“ಫೈಲು ಭಾರ ಆಗ್ತಿತ್ತು” ಎಂದೆ.

“ಭಾರ ಆದ್ರೆ ಆಗ್ಲಿ ಬಿಡು. ಮೌನ ಅಳೆಯೋಕೇ ಅಲ್ವೇನೇ ಈ ಅಪ್ಲಿಕೇಶನ್ ಇರೋದು? ಅದನ್ನೇ ತೆಗೆದ್ರೆ ನಾನು ಏನು ಪರೀಕ್ಷೆ ಮಾಡ್ಲಿ, ನಿನ್ನ ತಲೆ?”

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಈ ಧ್ವನಿ ಯಾರದೆಂದು ಅವಳಿಗೆ ಗೊತ್ತಿಲ್ಲ. ನಾನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಮೂಲ ರೆಕಾರ್ಡಿಂಗುಗಳನ್ನೆಲ್ಲ ಇದ್ದ ಹಾಗೇ, ಮೊದಲನೆಯ ಪ್ರಯತ್ನವನ್ನೇ ಆರಿಸಿ, ತಾರೀಖಿನ ಪ್ರಕಾರ ಜೋಡಿಸಿ ತುಂಬಿದೆ. ಸ್ಕ್ರಿಪ್ಟ್ ಓಡಿತು. ಗೆರೆ ಬಂತು.

ಇಳಿಯಿತು.

ನಮ್ಮ ಲೆಕ್ಕದಲ್ಲೇ ಎಲ್ಲೋ ದೋಷವಿರಬೇಕೆಂದು ಕೋಡನ್ನೆಲ್ಲ ಜಾಲಾಡಿದೆ. ದೋಷವಿದ್ದರೆ ಎಷ್ಟು ಚೆನ್ನಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೋಡಿನಲ್ಲಿ ತಪ್ಪು ಸಿಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು. ಹುಳುಕಮ್ಮ ಬಗ್ಗಿ ನೋಡಿ, “ಹಾಂ, ಈಗ ನೋಡು, ಎಷ್ಟು ಸರಿಯಾಗಿ ಅಳೀತಿದೆ” ಎಂದು ಬೆನ್ನು ತಟ್ಟಿ ಹೋದಳು.

ಏಪ್ರಿಲ್ 10, ಬುಧವಾರ

ಗಡುವಪ್ಪ ಆ ಗೆರೆಯನ್ನು ನೋಡಿ ಮುಖ ಗಂಟಿಕ್ಕಿಕೊಂಡರು.

“ಇದೇನ್ರೀ ಮೇಡಂ, ಡೆಮೊದಲ್ಲಿ ಬೀಳೋ ಗೆರೆ ತೋರಿಸ್ತೀರಾ? ನಮ್ಮ ಹತ್ರ ಬಂದ್ರೆ ರೋಗಿ ಹಾಳಾಗ್ತಾನೆ ಅಂತ ಹೇಳಿದ ಹಾಗಾಗಲ್ವಾ?”

“ಅಳತೆ ಸರಿಯಾಗಿದೆ ಸರ್.”

“ಅಳತೆ ಸರಿ ಇರ್ಲಿ. ತಾರೀಖು ತಿರುಗಿಸಿ. ಕೊನೇದು ಮೊದಲು, ಮೊದಲನೇದು ಕೊನೇಲಿ. ಮಾದರಿ ತಾನೇ, ಯಾರ ಗಂಟು ಹೋಗುತ್ತೆ?”

ತಿರುಗಿಸಿದೆ. ಕೋಡಿನಲ್ಲಿ ಒಂದೇ ಸಾಲು. ಗೆರೆ ಎಡದ ಮೂಲೆಯಿಂದ ಎದ್ದು ಮೆಲ್ಲಗೆ ಮೇಲೇರಿತು. ಇದು ಮಾದರಿ, ಬರೀ ಮಾದರಿ ಎಂದು ನನಗೇ ಹೇಳಿಕೊಂಡೆ. ಆಮೇಲೆ ಕೆಲಸವಿಲ್ಲದಿದ್ದರೂ ಆ ಪುಟವನ್ನು ಮತ್ತೆ ಮತ್ತೆ ತೆರೆದೆ. ಮನೆಗೆ ಹೊರಡುವ ಮೊದಲೂ ಒಮ್ಮೆ.

ಏಪ್ರಿಲ್ 16, ಮಂಗಳವಾರ

ಡೆಮೊ ಗೆದ್ದಿತು. ಉದ್ದನೆಯ ಮೇಜು, ಪರದೆಗಳನ್ನೆಲ್ಲ ಎಳೆದ ಕೋಣೆ, ಆಚೆ ಕೊನೆಯಲ್ಲಿ ಕ್ಲಿನಿಕ್ಕುಗಳ ಹಿರಿಯ ಡಾಕ್ಟರಮ್ಮ. ಮೊದಲ ವಾರ ಎಂದು ಅಕ್ಕನ ಮೊನ್ನೆಯ ಓದು ಕೇಳಿಸಿದೆ. “ತೋ... ತೋಟ...” ಆಮೇಲೆ ಬರೀ ಉಸಿರು. ಕೊನೆಯ ವಾರ ಎಂದು ಮಾರ್ಚಿನ ಮೊದಲ ಓದು ಕೇಳಿಸಿದೆ. ತೋಟದವನು ಎದ್ದ, ಬಾಗಿಲು ತೆರೆದ, ಬೆಕ್ಕನ್ನು ದಾಟಿ ಹೋಗಿ ಎಲ್ಲ ಗಿಡಗಳಿಗೂ ನೀರು ಹಾಕಿದ.

“ಎಷ್ಟು ಚೆನ್ನಾಗಿ ಸುಧಾರಿಸಿಕೊಂಡಿದ್ದಾರೆ ಈ ಹೆಂಗಸು” ಎಂದರು ಡಾಕ್ಟರಮ್ಮ. ಮಾದರಿ ಎನ್ನುವುದು ಅವರಿಗೂ ಗೊತ್ತು. ಆದರೂ ಕಣ್ಣು ತೇವವಾಗಿತ್ತು. ನನಗೂ ಆ ಕ್ಷಣ ಹಾಗೇ ಅನ್ನಿಸಿತು, ಸುಧಾರಿಸಿಕೊಂಡಿದ್ದಾಳೆ ಎಂದು. ಎಂಥ ಸುಖವಾಗಿತ್ತು ಅದು. ಗಡುವಪ್ಪ ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು. ನನ್ನದನ್ನು ಹುಳುಕಮ್ಮನಿಗೆ ಕೊಟ್ಟೆ.

ಏಪ್ರಿಲ್ 20, ಶನಿವಾರ

ಮನೆಯಲ್ಲೇ ಕೆಲಸ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು. ಅಮ್ಮ ಬಟ್ಟೆ ಮಡಚುತ್ತಾ ಪಕ್ಕದಲ್ಲಿ ಬಂದು ನಿಂತರು. ಪರೀಕ್ಷೆಗೆಂದು ಒಂದು ಫೈಲನ್ನು ಒತ್ತಿದೆ, ಅಕ್ಕನ ದನಿ ಬಂತು.

“ಇದು ಅಕ್ಕಂದಲ್ವೇನೇ?”

“ಹೂಂ.”

“ಈ ಗೆರೆ ಏನು ಮತ್ತೆ?”

“ಮಾತಿನ ಲೆಕ್ಕ ಅಮ್ಮಾ.”

ಅಮ್ಮ ಮಡಚಿದ್ದ ಟವೆಲನ್ನು ಎದೆಗೊತ್ತಿಕೊಂಡು ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದರು. ಎಡದಿಂದ ಬಲಕ್ಕೆ ಬೆರಳಾಡಿಸಿದರು. “ಮೇಲೆ ಹೋಗ್ತಿದೆಯಲ್ಲೇ. ನಂಗೆ ಗೊತ್ತಿತ್ತು. ದಿನಾ ಹೇಳ್ತಿರ್ಲಿಲ್ವಾ ನಾನು? ನೀವಿಬ್ರೂ ಮುಖ ಜೋಲು ಹಾಕ್ಕೊಂಡು ನನ್ನನ್ನೂ ಹೆದರಿಸಿಬಿಟ್ರಿ.”

ಆಗ ಹೇಳಬೇಕಾಗಿತ್ತು. “ಅದು ಆಫೀಸಿನ ಮಾದರಿ ಅಮ್ಮಾ” ಎಂದೇನೋ ಗೊಣಗಿದೆ. ಅಮ್ಮ ಆಗಲೇ ಹಾಡು ಗುನುಗುತ್ತಾ ಒಳಗೆ ಹೋಗಿದ್ದರು. ಅವರು ಗುನುಗುವುದನ್ನು ಕೇಳಿ ತಿಂಗಳುಗಳೇ ಆಗಿದ್ದವು. ಸ್ವಲ್ಪ ದಿನ ಹೀಗೇ ಇರಲಿ, ಮೇ ತಿಂಗಳಲ್ಲಿ ಡಾಕ್ಟರೇ ಹೇಳುತ್ತಾರೆ ಎಂದುಕೊಂಡೆ.

ಏಪ್ರಿಲ್ 24, ಬುಧವಾರ

ಅಮ್ಮ ಬಸ್ ನಿಲ್ದಾಣದ ಮೇಲ್ವಿಚಾರಕರಿಗೆ ಫೋನ್ ಮಾಡಿಬಿಟ್ಟಿದ್ದಾರೆ. ಸೋಮವಾರದಿಂದ ಅಕ್ಕ ಕೆಲಸಕ್ಕೆ ಬರುತ್ತಾಳಂತೆ. “ಅಯ್ಯೋ, ದೊಡ್ಡ ಉಪಕಾರ ಆಯ್ತಮ್ಮಾ, ಜನ ದಿನಾ ಕೇಳ್ತಾರೆ ಅವ್ರನ್ನ” ಎಂದರಂತೆ ಅವರು.

“ಡಾಕ್ಟರನ್ನ ಕೇಳ್ದೆ ಯಾಕಮ್ಮಾ?” ಎಂದೆ.

“ನಿನ್ನ ಕಂಪ್ಯೂಟರೇ ಹೇಳ್ತಲ್ಲ, ಇನ್ನು ಡಾಕ್ಟರು ಬೇರೆ ಏನು ಹೇಳೋದು? ಮನೇಲಿ ಕೂತು ಕೂತೇ ಅವಳ ನಾಲಿಗೆ ಜಡ್ಡುಗಟ್ಟಿರೋದು. ನಾಲ್ಕು ಜನರ ಮಧ್ಯೆ ಕೂತ್ರೆ ತಾನೇ ಬರುತ್ತೆ.”

ಅಕ್ಕನ ಮುಖ ನೋಡಿದೆ. ಬೇಡ ಎನ್ನುತ್ತಾಳೆಂದುಕೊಂಡೆ. ಅವಳು ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮನ ಮುಖದಲ್ಲಿ ಅಷ್ಟು ಬೆಳಕಿತ್ತು. ಅಕ್ಕ ತಲೆಯಾಡಿಸಿದಳು, ಆಯಿತು ಎಂದು.

ಕೋಣೆಗೆ ಹೋಗಿ ಅವಳನ್ನು ಹಿಡಿದುಕೊಂಡು ಎಲ್ಲ ಹೇಳಿದೆ. ತಾರೀಖು ತಿರುಗಿಸಿದ್ದು, ಮೌನ ಕತ್ತರಿಸಿದ್ದು, ಎಲ್ಲ. ಅವಳು ಬೈಯಲಿಲ್ಲ. ಏನೋ ಹೇಳಹೊರಟಳು. “ಅಮ್ಮ...” ಎಂದು ನಿಂತಳು. ನಾನು ಮುಂದಿನದನ್ನು ಊಹಿಸಲು ಹೋಗಲಿಲ್ಲ. ಹೊರಗೆ ಯಾರೋ ಗೇಟು ತೆರೆದರು, ಹಾಕಿದರು, ನಲ್ಲಿ ತಿರುಗಿಸಿದರು. “ಖುಷಿ” ಎಂದಳು ಕೊನೆಗೆ.

ಏಪ್ರಿಲ್ 29, ಸೋಮವಾರ

ರಜೆ ಹಾಕಿ ಅವಳ ಜೊತೆ ಹೋದೆ. ಇಸ್ತ್ರಿ ಮಾಡಿದ ನೀಲಿ ಅಂಗಿ, ಎದೆಯ ಮೇಲೆ ಬಿಲ್ಲೆ, ಬಿಗಿಯಾಗಿ ಕಟ್ಟಿದ ಕೂದಲು. ನೋಡಿದರೆ ಏನೂ ಆಗಿಲ್ಲದವಳ ಹಾಗೆ. ಮೇಲ್ವಿಚಾರಕರು ಕೈಮುಗಿದು ಬರಮಾಡಿಕೊಂಡರು. ಕಸ ಗುಡಿಸುವವಳು ಪೊರಕೆ ಕೆಳಗಿಟ್ಟು ಬಂದು ಅವಳ ಕೈ ಹಿಡಿದುಕೊಂಡಳು.

ನಾನು ಎದುರಿನ ಬೆಂಚಿನಲ್ಲಿ ಕೂತೆ. ಗಾಜಿನ ಹಿಂದೆ ಅಕ್ಕ, ಮುಂದೆ ಸಾಲು. ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಅವಳಿಗೆ ಯಾವ ಬಸ್ಸು ಎಲ್ಲಿ ಎನ್ನುವುದು ಬಾಯಿಪಾಠ, ಅದೊಂದೂ ಮರೆತಿಲ್ಲ. ಜನ ಕೇಳುತ್ತಿದ್ದ ಹಾಗೆ ಬೆರಳೆತ್ತಿ ತೋರಿಸುತ್ತಿದ್ದಳು. ಮೂರು ಬೆರಳೆಂದರೆ ಮೂರನೇ ಅಂಕಣ. ಜನ ತಲೆಯಾಡಿಸಿ ಓಡುತ್ತಿದ್ದರು. ನನಗೂ ಎಲ್ಲೋ ಒಂದು ಆಸೆ ಹುಟ್ಟಿತು.

ಆಮೇಲೆ ಕಪ್ಪು ಕನ್ನಡಕದ ಅಜ್ಜ ಬಂದರು. ಕೋಲು ಗಾಜಿಗೆ ತಾಗಿ ನಿಂತಿತು. ಆಸ್ಪತ್ರೆ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಅಕ್ಕ ಐದು ಬೆರಳೆತ್ತಿದಳು. ತಕ್ಷಣ ಅವಳಿಗೇ ತಿಳಿಯಿತು. ಕೈ ಇಳಿಸಿ ಮೈಕಿಗೆ ಬಾಗಿದಳು.

“ಏನಮ್ಮಾ? ಕೇಳಿಸ್ಲಿಲ್ಲ” ಎಂದರು ಅಜ್ಜ.

ಮೈಕು ಚಾಲೂ ಇತ್ತು. ಅವಳ ಉಸಿರು ಇಡೀ ನಿಲ್ದಾಣದಲ್ಲಿ ಕೇಳಿಸಿತು. ಒಳಕ್ಕೆ, ಹೊರಕ್ಕೆ. ಜನ ಮಾತು ನಿಲ್ಲಿಸಿ ಮೇಲೆ ನೋಡಿದರು, ಸ್ಪೀಕರ್ ಕೆಟ್ಟಿದೆಯೇನೋ ಎಂಬಂತೆ. ನಾನು ಎದ್ದು ನಿಂತೆ. ಐದು, ಐದು ಎಂದು ಕೂಗಿಬಿಡಬಹುದಾಗಿತ್ತು. ಕೂಗಲಿಲ್ಲ. ಅವಳು ಬಾಯಿ ತೆರೆದುಕೊಂಡು ಆ ಒಂದು ಶಬ್ದಕ್ಕಾಗಿ ಒದ್ದಾಡುವುದನ್ನು ಎಲ್ಲರ ಜೊತೆ ನಾನೂ ನೋಡುತ್ತಾ ನಿಂತೆ. “ಇದ್ದೀಯಾ ತಾಯಿ?” ಎಂದು ಅಜ್ಜ ಗಾಜನ್ನು ಮುಟ್ಟಿ ಕೇಳಿದರು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಅವರ ತೋಳು ಹಿಡಿದು ಕರೆದುಕೊಂಡು ಹೋದಳು.

ಅಕ್ಕ ಮೈಕು ಆರಿಸಿದಳು. ಕುರ್ಚಿಯನ್ನು ಸರಿಯಾಗಿ ಮೇಜಿನೊಳಗೆ ತಳ್ಳಿ ಹೊರಗೆ ಬಂದಳು. ಮೇಲ್ವಿಚಾರಕರು “ಏನೂ ಯೋಚ್ನೆ ಮಾಡ್ಬೇಡಿ, ಇನ್ನಷ್ಟು ದಿನ ರೆಸ್ಟ್ ತಗೊಳ್ಳಿ” ಎಂದರು. ಇಡೀ ದಾರಿ ನಾನೂ ಅಕ್ಕನೂ ಕೈ ಹಿಡಿದುಕೊಂಡು ಬಂದೆವು. ಅಮ್ಮ ಮನೆಯಲ್ಲಿರಲಿಲ್ಲ, ಚಿಕ್ಕಮ್ಮನ ಮನೆಗೆ ಈ ಶುಭ ಸುದ್ದಿ ಹೇಳಲು ಹೋಗಿದ್ದರು. ಅಲ್ಲೇ ಉಳಿದಿದ್ದಾರೆ.

ಏಪ್ರಿಲ್ 30, ಮಂಗಳವಾರ

ಅಮ್ಮ ಬೆಳಿಗ್ಗೆ ಬಂದರು. ಅಕ್ಕ ಮನೆಯಲ್ಲಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು.

“ಯಾಕೆ, ಇವತ್ತು ಹೋಗ್ಲಿಲ್ವಾ?”

ಅಕ್ಕ ನನ್ನ ಕಡೆ ತಿರುಗಿದಳು. ನೀನು ಹೇಳು ಎಂದು ಗಲ್ಲ ಎತ್ತಿದಳು. ಸರಿ, ಇಷ್ಟು ದಿನ ಅವಳ ಪರವಾಗಿ ಉಪ್ಪಿನಿಂದ ಹಿಡಿದು ಎಲ್ಲ ಹೇಳಿದವಳು ನಾನೇ.

ಅಮ್ಮನನ್ನು ಕೂರಿಸಿ ನೀರು ಕೊಟ್ಟೆ. ಲ್ಯಾಪ್‌ಟಾಪ್ ತಂದು ತೆರೆದೆ. ಈ ಗೆರೆಯನ್ನು ನಾನು ತಿರುಗಿಸಿದ್ದು ಅಮ್ಮಾ, ಆಫೀಸಿನಲ್ಲಿ ಚೆನ್ನಾಗಿ ಕಾಣಲಿ ಎಂದು ಹಿಂದಿನದನ್ನು ಮುಂದೆ ಹಾಕಿದ್ದು ಎಂದೆಲ್ಲ ಹೇಳಿದೆ. ಸ್ಕ್ರಿಪ್ಟ್, ಫೋಲ್ಡರ್, ತಾರೀಖು, ಬಾಯಿಗೆ ಬಂದದ್ದೆಲ್ಲ. ಅಮ್ಮ ಸ್ಕ್ರೀನನ್ನು ನೋಡಲೇ ಇಲ್ಲ. ಅದನ್ನು ಪಕ್ಕಕ್ಕೆ ಸರಿಸಿದರು.

“ಆ ಗೆರೆ ಹಾಳಾಗಿ ಹೋಗ್ಲಿ. ನನ್ನ ಮಗಳು ಹೇಗಿದ್ದಾಳೆ ಅಂತ ಹೇಳು.”

“ಅಮ್ಮಾ, ಅಕ್ಕನ ಮಾತು...” ಎಂದೆ.

ಮುಂದಿನ ಶಬ್ದ ನನಗೆ ಗೊತ್ತಿತ್ತು. ಗಂಟಲಿನ ತನಕ ಬಂದಿತ್ತು. ಮತ್ತೊಮ್ಮೆ “ಅಕ್ಕನ ಮಾತು” ಎಂದೆ. ಅಳುವೂ ಬರಲಿಲ್ಲ, ಶಬ್ದವೂ ಬರಲಿಲ್ಲ. ಅಮ್ಮ ಲೋಟ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ಯಾರಾದರೂ ನನ್ನನ್ನು ಇಲ್ಲಿಂದ ಎತ್ತಿಕೊಂಡು ಹೋಗಬಾರದೇ ಎನ್ನಿಸಿತು.

ಆಗ ಅಕ್ಕ ತನ್ನ ಕುರ್ಚಿಯನ್ನು ಎಳೆದುಕೊಂಡು ನಮ್ಮಿಬ್ಬರ ನಡುವೆ ಬಂದು ಕೂತಳು. ಒಂದು ಕೈ ನನ್ನ ಬೆನ್ನ ಮೇಲಿಟ್ಟಳು, ಇನ್ನೊಂದರಲ್ಲಿ ಅಮ್ಮನ ಮಣಿಕಟ್ಟು ಹಿಡಿದಳು.

“ಹೋ... ಹೋಗ್ತಾ... ಇದೆ” ಎಂದಳು.

ಅಷ್ಟನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.